ಗೋಡೆ, ಬಾಗಿಲು, ಬಂದೂಕು

ಶೂಟಿಂಗ್ ಗೇಮ್‌ಗಳ ಮಾತು ಬಂದರೆ ನಮ್ಮಲ್ಲಿ ಎರಡೇ ಬಗೆಯ ಚರ್ಚೆ ನಡೆಯುತ್ತದೆ. ಮಕ್ಕಳು ಕೆಟ್ಟುಹೋಗುತ್ತಾರೆ, ರಕ್ತ ನೋಡಿ ನೋಡಿ ಮನಸ್ಸು ಕಲ್ಲಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಗ್ರಾಫಿಕ್ಸ್ ಹೇಗಿದೆ, ಯಾವ ಕಾರ್ಡ್ ಹಾಕಿಸಿದರೆ ತಡವರಿಸದೆ ಓಡುತ್ತದೆ ಎಂದು ಆಡುವವರು ಲೆಕ್ಕ ಹಾಕುತ್ತಾರೆ. ಆಟ ಚೆನ್ನಾಗಿದೆಯೋ ಇಲ್ಲವೋ, ಚೆನ್ನಾಗಿದ್ದರೆ ಯಾಕೆ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವವರು ಕಡಿಮೆ. ಸಿನಿಮಾಕ್ಕೂ ಕಾದಂಬರಿಗೂ ಹಚ್ಚುವ ಒರೆಗಲ್ಲನ್ನು ಇದಕ್ಕೂ ಹಚ್ಚುವ ರೂಢಿ ನಮ್ಮ ವಿಮರ್ಶೆಗೆ ಇನ್ನೂ ಆಗಿಲ್ಲ.

ಆಟಗಾರನ ಕಣ್ಣಿನಿಂದಲೇ ಲೋಕ ಕಾಣುವ, ಪರದೆಯ ಅಂಚಿನಿಂದ ಒಂದು ಬಂದೂಕು ಚಾಚಿಕೊಂಡಿರುವ ಫಸ್ಟ್ ಪರ್ಸನ್ ಶೂಟರ್‌ಗಳಿಗೆ ಈಗ ಐವತ್ತು ದಾಟಿದೆ. ಈ ಚರಿತ್ರೆಯನ್ನು ಬಂದೂಕಿನ ಕಡೆಯಿಂದ ಓದಿದರೆ ಹೆಚ್ಚೇನೂ ಸಿಗದು. ಗುರಿಯಿಡು, ಗುಂಡಿ ಒತ್ತು, ಎದುರಿಗಿದ್ದದ್ದು ಬೀಳುತ್ತದೆ. 1993ರಲ್ಲೂ ಅಷ್ಟೇ, ಇವತ್ತೂ ಅಷ್ಟೇ. ಬದಲಾಗಿರುವುದು ಆಟಗಾರ ನಿಂತಿರುವ ಜಾಗ. ಗೋಡೆ ಎಲ್ಲಿದೆ, ಬಾಗಿಲು ಯಾರು ತೆರೆಯುತ್ತಾರೆ, ಬಂದ ದಾರಿಯಲ್ಲಿ ವಾಪಸು ಹೋಗಬಹುದೇ, ಮೂಲೆಯಾಚೆ ಏನಿದೆ ಎಂದು ಊಹಿಸುವ ಕೆಲಸ ಯಾರದು? ಈ ಪ್ರಕಾರದ ನಿಜವಾದ ಕಸುಬು ಕೋಣೆ ಕಟ್ಟುವುದು ಎಂದು ನಾನು ನಂಬಿದ್ದೇನೆ. ಆ ಕಸುಬು ಬಲ್ಲವರು ಮಾಡಿದ ಆಟಗಳು ಮೂವತ್ತು ವರ್ಷದ ಮೇಲೂ ಆಡಿಸಿಕೊಳ್ಳುತ್ತವೆ. ಬಾಕಿಯವು ಮುಂದಿನ ಗ್ರಾಫಿಕ್ಸ್ ಕಾರ್ಡ್ ಬರುವತನಕ ಹೊಳೆದು, ಆಮೇಲೆ ಹಳಸುತ್ತವೆ.

ಮೊದಲ ಗೋಡೆಗಳು ಎದ್ದದ್ದು 1973ರ ಸುಮಾರಿಗೆ, ಕ್ಯಾಲಿಫೋರ್ನಿಯಾದ ನಾಸಾ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ. ಸ್ಟೀವ್ ಕೋಲಿ, ಗ್ರೆಗ್ ಥಾಂಪ್ಸನ್, ಹೋವರ್ಡ್ ಪಾಮರ್ ಎಂಬ ಯುವಕರು ಅಲ್ಲಿದ್ದ ಇಮ್ಲ್ಯಾಕ್ ಪಿಡಿಎಸ್-1 ಯಂತ್ರದಲ್ಲಿ ಬರೀ ಗೆರೆಗಳಿಂದ ಒಂದು ಸುತ್ತುದಾರಿ ಬರೆದರು. ಅದರಲ್ಲಿ ಒಬ್ಬರೇ ಅಲೆದು ಬೇಸರ ಬಂದಾಗ ಎರಡು ಯಂತ್ರಗಳ ನಡುವೆ ತಂತಿ ಎಳೆದು, ಒಬ್ಬರನ್ನೊಬ್ಬರು ಬೇಟೆಯಾಡಲು ಶುರುಮಾಡಿದರು. ಅದೇ ಮೇಜ್ ವಾರ್. ತಿರುಗುವುದೆಂದರೆ ತೊಂಬತ್ತು ಡಿಗ್ರಿ, ನಡೆಯುವುದೆಂದರೆ ಒಂದು ಚೌಕ. ಎದುರಾಳಿ ಕಾಣುತ್ತಿದ್ದದ್ದು ಒಂದು ದೊಡ್ಡ ಕಣ್ಣುಗುಡ್ಡೆಯಾಗಿ. ಆ ಗುಡ್ಡೆ ಯಾವ ಕಡೆ ತಿರುಗಿದೆ ಎನ್ನುವುದೇ ಆಟದ ಜೀವಾಳ: ನಿಮ್ಮನ್ನು ಕಂಡಿಲ್ಲವಾದರೆ ಹೊಡೆಯಿರಿ, ಕಂಡಿದ್ದರೆ ಮೂಲೆ ಹಿಡಿಯಿರಿ. ಥಾಂಪ್ಸನ್ ಅದನ್ನು ಎಂಐಟಿಗೆ ಒಯ್ದ ಮೇಲೆ ಎಂಟು ಜನ ಒಟ್ಟಿಗೆ ಆಡುವಂತಾಯಿತು. ಸಮವಸ್ತ್ರ ಇಲ್ಲ, ದೇಶ ಇಲ್ಲ, ಕಥೆ ಇಲ್ಲ. ಕೊಲ್ಲುವುದೂ ಕಣ್ಣು, ಸಾಯುವುದೂ ಕಣ್ಣು. ಈ ಪ್ರಕಾರದ ಬಗ್ಗೆ ಇಷ್ಟು ನೇರವಾಗಿ ಮಾತಾಡಿದ ಆಟ ಆಮೇಲೆ ಬಂದದ್ದು ಅಪರೂಪ.

1980ರಲ್ಲಿ ಅಟಾರಿ ಕಂಪನಿಯ ಬ್ಯಾಟಲ್‌ಝೋನ್ ಬಂತು. ಹಸಿರು ಗೆರೆಗಳ ಬಯಲು, ಟ್ಯಾಂಕಿನೊಳಗಿನಿಂದ ನೋಟ. ಅದನ್ನು ನೋಡಿದ ಅಮೆರಿಕದ ಸೇನೆಯ ಕಡೆಯವರು ಬ್ರಾಡ್ಲಿ ವಾಹನದ ಗನ್ನರ್‌ಗಳ ತರಬೇತಿಗೆ ಹೊಂದುವಂಥ ಒಂದು ಆವೃತ್ತಿ ಮಾಡಿಕೊಡಿ ಎಂದು ಬಂದರು. ವಿನ್ಯಾಸಕ ಎಡ್ ರಾಟ್‌ಬರ್ಗ್ ಒಲ್ಲದ ಮನಸ್ಸಿನಿಂದ ಮಾಡಿಕೊಟ್ಟ, ಇನ್ನು ಮುಂದೆ ಇಂಥ ಕೆಲಸಕ್ಕೆ ತನ್ನನ್ನು ಕರೆಯಬಾರದೆಂಬ ಷರತ್ತು ಹಾಕಿ. ಸೇನೆ ಮಾತ್ರ ಈ ಅಂಗಳ ಬಿಟ್ಟು ಕದಲಲಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಐಡಿ ಸಾಫ್ಟ್‌ವೇರ್‌ನವರ ವುಲ್ಫೆನ್‌ಸ್ಟೈನ್ 3ಡಿ (1992) ಚರಿತ್ರೆಗೆ ಮುಖ್ಯ, ಆಡುವುದಕ್ಕೆ ನೀರಸ. ಜಾನ್ ಕಾರ್ಮ್ಯಾಕ್ ಪರದೆಯ ಒಂದೊಂದು ಲಂಬ ಪಟ್ಟಿಗೂ ಒಂದು ಕಿರಣ ಹರಿಸಿ, ಅದು ಎಷ್ಟು ದೂರದಲ್ಲಿ ಗೋಡೆಗೆ ಬಡಿಯುತ್ತದೆ ಎಂದು ಅಳೆದು, ಆ ಅಳತೆಗೆ ತಕ್ಕ ಎತ್ತರದ ಪಟ್ಟಿ ಬಿಡಿಸಿದ. ಬಡ ಕಂಪ್ಯೂಟರಿನಲ್ಲೂ ಆಟ ಕುದುರೆಯಂತೆ ಓಡಿತು. ಆದರೆ ಆ ಜಾಣತನಕ್ಕೆ ಬೆಲೆಯಿತ್ತು. ಎಲ್ಲ ಗೋಡೆಗಳೂ ನೇರಕೋನದಲ್ಲೇ ಸೇರಬೇಕು, ಎಲ್ಲವೂ ಒಂದೇ ಎತ್ತರ ಇರಬೇಕು, ನೆಲಕ್ಕೂ ಚಾವಣಿಗೂ ಬರೀ ಬಣ್ಣ. ನಾಜಿಗಳನ್ನು ಕೊಲ್ಲುತ್ತಾ ಕೊಲ್ಲುತ್ತಾ ಯಾವ ಕಾರಿಡಾರಿನಲ್ಲಿದ್ದೇವೆ ಎಂಬುದೇ ಮರೆತುಹೋಗುತ್ತದೆ. ಅದೇ ವರ್ಷ ಕೆಲವೇ ವಾರ ಮೊದಲು ಬಂದಿದ್ದ ಅಲ್ಟಿಮಾ ಅಂಡರ್‌ವರ್ಲ್ಡ್‌ನಲ್ಲಿ ಇಳಿಜಾರೂ ಇತ್ತು, ತಲೆಯೆತ್ತಿ ನೋಡುವುದೂ ಇತ್ತು. ಅದು ನಿಧಾನ, ಹಾಗಾಗಿ ವೇಗ ಗೆದ್ದಿತು.

1993ರ ಡಿಸೆಂಬರ್ 10ರಂದು ಡೂಮ್ ಬಂತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸರ್ವರ್‌ಗೆ ಮೊದಲ ಕಂತನ್ನು ಉಚಿತವಾಗಿ ಏರಿಸಿದ್ದರು. ಕಾದು ಕೂತಿದ್ದವರ ನೂಕುನುಗ್ಗಲಿಗೆ ಸರ್ವರ್ ತತ್ತರಿಸಿತು. ಇದನ್ನೆಲ್ಲ ಬಲ್ಲವರು ಬಹಳ ಮಂದಿ. ಅದರ ಮೊದಲ ಹಂತವನ್ನು ಒಂದು ಕಟ್ಟಡದಂತೆ ನಿಧಾನವಾಗಿ ನೋಡಿದವರು ಕಡಿಮೆ. ಆಟ ಶುರುವಾಗುವ ಕಡೆಯೇ ಒಂದು ಕಿಟಕಿ. ಅದರಾಚೆ ಬಯಲು, ಬೆಟ್ಟ, ಒಂದು ಕೊಳ, ಕೊಳದಲ್ಲಿ ಹೊಳೆಯುವ ನೀಲಿ ಕವಚ. ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಎಡಗಡೆ ಮೆಟ್ಟಿಲು, ಮೇಲೆ ಹಸಿರು ಕವಚ. ಅಷ್ಟು ಸುಲಭಕ್ಕೆ ಸಿಗುವುದು ಇದು ಮಾತ್ರ. ಮುಂದೆ ಹೋದರೆ ವಿಷದ ಹೊಂಡದ ಮೇಲೆ ಅಂಕುಡೊಂಕಾದ ಕಾಲುಹಾದಿ, ದೂರದ ಕಟ್ಟೆಯ ಮೇಲಿಂದ ಬೆಂಕಿಯುಂಡೆ ಎಸೆಯುವ ಪಿಶಾಚಿಗಳು. ಎಲ್ಲ ಮುಗಿಯಿತು ಅಂದುಕೊಂಡವರು ಹೊರಬೀಳುತ್ತಾರೆ. ಆ ಕಿಟಕಿ ನೆನಪಿಟ್ಟುಕೊಂಡವರು ಗೋಡೆಗಳನ್ನು ತಡವುತ್ತಾ ಒಂದು ಗುಪ್ತ ದಾರಿ ಹಿಡಿದು ಬಯಲಿಗೆ ಬರುತ್ತಾರೆ, ನೀಲಿ ಕವಚ ತೊಡುತ್ತಾರೆ. ಈ ಹಂತ ಕಟ್ಟಿದ ಜಾನ್ ರೊಮೆರೊ ಇಷ್ಟನ್ನೂ ಒಂದೇ ಒಂದು ಅಕ್ಷರದ ಸೂಚನೆ ಕೊಡದೆ ಕಲಿಸುತ್ತಾನೆ: ಇಲ್ಲಿ ಕಂಡದ್ದೆಲ್ಲ ಎಲ್ಲೋ ಒಂದು ಕಡೆ ಸೇರುತ್ತದೆ, ಹುಡುಕು.

ತಾಂತ್ರಿಕವಾಗಿ ಡೂಮ್ ಪೂರ್ತಿ ಮೂರು ಆಯಾಮದ್ದಲ್ಲ. ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಇರುವಂತಿಲ್ಲ. ಮೇಲೆ ಕೆಳಗೆ ನೋಡುವಂತಿಲ್ಲ. ಎತ್ತರದಲ್ಲಿರುವವನಿಗೆ ಗುಂಡು ತಾನೇ ಹೋಗಿ ತಾಗುತ್ತದೆ. ಆದರೂ ಎತ್ತರ ತಗ್ಗು ಬಂತು, ಓರೆ ಗೋಡೆ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ಬೆಳಕು ಬಂತು. ಮಿಣುಕುವ ದೀಪದ ಕೋಣೆಯೊಳಗೆ ಗೊರಗೊರ ಸದ್ದು ಕೇಳಿಸಿದರೆ ಬಾಗಿಲಲ್ಲೇ ನಿಂತು ಯೋಚಿಸಬೇಕಾಗುತ್ತದೆ. ರಾಕ್ಷಸರು ಗುರಿತಪ್ಪಿ ಒಬ್ಬರಿಗೊಬ್ಬರು ಹೊಡೆದರೆ ತಮ್ಮತಮ್ಮಲ್ಲೇ ಕಾದಾಡುತ್ತಾರೆ. ಎಲ್ಲಿ ನಿಂತರೆ ಅವರ ನಡುವೆ ಜಗಳ ಹಚ್ಚಬಹುದು ಎಂಬುದು ಒಂದು ವಿದ್ಯೆಯೇ ಆಗುತ್ತದೆ. ಗಾಯವಾದರೆ ಮದ್ದಿನ ಡಬ್ಬಿ ಬೇಕು, ಡಬ್ಬಿ ನಕ್ಷೆಯಲ್ಲಿ ಎಲ್ಲೋ ಇದೆ. ಪ್ರಾಣ ಉಳಿಯಬೇಕೆಂದರೆ ಜಾಗವನ್ನು ನೆನಪಿಟ್ಟುಕೊಳ್ಳಲೇಬೇಕು. ಈ ಚಿಕ್ಕ ನಿಯಮವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅದನ್ನು ಕಿತ್ತುಹಾಕಿದಾಗ ಏನಾಯಿತು ಎಂಬುದು ಈ ಬರಹದ ದೊಡ್ಡ ತಕರಾರು.

ಐಡಿಯವರು ಇನ್ನೊಂದು ದೊಡ್ಡ ಕೆಲಸ ಮಾಡಿದರು. ಚಿತ್ರ, ಸದ್ದು, ನಕ್ಷೆಗಳನ್ನು ಆಟದ ಎಂಜಿನ್‌ನಿಂದ ಬೇರ್ಪಡಿಸಿ ವ್ಯಾಡ್ ಎಂಬ ಕಡತಗಳಲ್ಲಿ ಇಟ್ಟರು. ಕೆಲವೇ ತಿಂಗಳಲ್ಲಿ ಹೊರಗಿನವರು ನಕ್ಷೆ ಕಟ್ಟುವ ಸಲಕರಣೆಗಳನ್ನು ತಾವೇ ಬರೆದುಕೊಂಡರು, ಕಾಲೇಜು ಹುಡುಗರು ತಮ್ಮ ಕೋಣೆಗಳನ್ನು ಹಂಚತೊಡಗಿದರು. 1997ರಲ್ಲಿ ಕಾರ್ಮ್ಯಾಕ್ ಆಟದ ಮೂಲ ಸಂಕೇತವನ್ನೇ ಬಿಟ್ಟುಕೊಟ್ಟ. ಅಂಗಡಿಯ ಸರಕಾಗಿ ಬಂದ ಆಟ ಹೀಗೆ ಊರಿನ ಮೈದಾನವಾಯಿತು. ಮೈದಾನ ಎಂದ ಮೇಲೆ ಯಾರು ಬೇಕಾದರೂ ಬರಬಹುದು. 1996ರ ಹೊತ್ತಿಗೆ ಅಮೆರಿಕದ ಮರೀನ್ ಪಡೆಯವರೂ ಡೂಮ್ II ಅನ್ನು ತಿದ್ದಿ, ನಾಲ್ಕು ಜನರ ತಂಡ ಹೊಂದಿಕೊಂಡು ನುಗ್ಗುವುದನ್ನು ಕಲಿಸಲು ಬಳಸಿಕೊಂಡರು.

ಕ್ವೇಕ್ (1996) ಬಗ್ಗೆ ಭಕ್ತಿಯಿಂದ ಮಾತಾಡುವವರು ಬಹಳ. ನಿಜವಾದ ಮೂರು ಆಯಾಮ, ಡಯಲ್‌ಅಪ್ ಸಂಪರ್ಕದಲ್ಲೂ ಇಂಟರ್ನೆಟ್ ಕಾಳಗ, ಕಾಲ ಕೆಳಗೆ ರಾಕೆಟ್ ಸಿಡಿಸಿ ಅದರ ಒದೆತಕ್ಕೆ ಗೋಡೆ ಹಾರುವ ವರಸೆ ಇವೆಲ್ಲ ಅಲ್ಲಿಂದಲೇ ಮನೆಮಾತಾದವು. 1997ರ ಒಂದು ಕ್ವೇಕ್ ಪಂದ್ಯದಲ್ಲಿ ಡೆನಿಸ್ ಫಾಂಗ್ ಎಂಬ ಆಟಗಾರ ಗೆದ್ದದ್ದು ಕಾರ್ಮ್ಯಾಕ್‌ನ ಸ್ವಂತ ಫೆರಾರಿಯನ್ನು. ಒಬ್ಬರೇ ಆಡುವಾಗ ಮಾತ್ರ ಕ್ವೇಕ್ ಕಂದು ಬಣ್ಣದ ಒಂದು ಉದ್ದ ಬೇಸರ. ಇಬ್ಬರು ಎದುರುಬದುರಾದಾಗಲೇ ಅದರ ಕೋಣೆಗಳಿಗೆ ಜೀವ ಬರುವುದು. ಕವಚ ಎಷ್ಟು ಹೊತ್ತಿಗೆ ಮತ್ತೆ ಮೂಡುತ್ತದೆ ಎಂದು ಎಣಿಸುತ್ತಾ, ಸದ್ದು ಕೇಳಿ ಎದುರಾಳಿ ಯಾವ ಮಹಡಿಯಲ್ಲಿದ್ದಾನೆಂದು ಊಹಿಸುತ್ತಾ ಆಡುವವರ ಆಟವನ್ನು ನೋಡುವುದೇ ಒಂದು ಸೊಗಸು.

ಕಥೆಯನ್ನು ಈ ಕೋಣೆಗಳೊಳಗೆ ತಂದದ್ದು ವಾಲ್ವ್ ಕಂಪನಿಯ ಹಾಫ್‌ಲೈಫ್ (1998). ಆಟಗಾರ ಒಂದು ಟ್ರಾಮಿನಲ್ಲಿ ಕೂತು ಬ್ಲ್ಯಾಕ್ ಮೇಸಾ ಎಂಬ ಸಂಶೋಧನಾ ನೆಲೆಯೊಳಗೆ ಕೆಲಸಕ್ಕೆ ಹೋಗುತ್ತಾನೆ. ನಿಮಿಷಗಟ್ಟಲೆ ಏನೂ ನಡೆಯುವುದಿಲ್ಲ. ಒಬ್ಬ ಕಾವಲುಗಾರ ಬಾಗಿಲು ತಟ್ಟುತ್ತಿದ್ದಾನೆ, ಯಂತ್ರಗಳು ಏನನ್ನೋ ಸಾಗಿಸುತ್ತಿವೆ, ಧ್ವನಿವರ್ಧಕದ ಹೆಂಗಸು ಸುರಕ್ಷತೆಯ ನಿಯಮ ಓದುತ್ತಿದ್ದಾಳೆ. ಬೋಗಿಯೊಳಗೆ ಓಡಾಡಬಹುದು, ಎತ್ತ ಬೇಕಾದರೂ ನೋಡಬಹುದು, ಇಳಿಯುವಂತಿಲ್ಲ. ಕ್ಯಾಮೆರಾವನ್ನು ಆಟಗಾರನ ಕೈಯಿಂದ ಒಮ್ಮೆಯೂ ಕಸಿದುಕೊಳ್ಳದೆ ಕಥೆ ಹೇಳುತ್ತೇವೆ ಎಂಬ ಹಟ ಅದು, ಗೌರವಿಸಬೇಕಾದ ಹಟ. ನಾಯಕ ಗಾರ್ಡನ್ ಫ್ರೀಮನ್ ಕೊನೆಯವರೆಗೂ ತುಟಿ ಬಿಚ್ಚುವುದಿಲ್ಲ. ಆದರೆ ಮುಂದಿನ ದಶಕದ ರೋಗದ ಬೀಜವೂ ಆ ಟ್ರಾಮಿನಲ್ಲೇ ಇತ್ತು. ನೋಡಲು ಸ್ವಾತಂತ್ರ್ಯ, ಹೋಗಲು ಹಳಿ. ವಾಲ್ವ್‌ನವರಿಗೆ ಹಳಿ ಮುಚ್ಚಿಡುವ ಜಾಣ್ಮೆಯಿತ್ತು, ಅನುಕರಿಸಿದವರಿಗೆ ಇರಲಿಲ್ಲ.

ಹಾಫ್‌ಲೈಫ್‌ನ ಹೊಟ್ಟೆಯಿಂದಲೇ ಇನ್ನೊಂದು ಆಟ ಹುಟ್ಟಿತು. ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು 1999ರಲ್ಲಿ ಅದರ ಮೇಲೆ ಒಂದು ಮಾಡ್ ಕಟ್ಟಿದರು, ಅಂದರೆ ಅಭಿಮಾನಿಗಳೇ ತಿದ್ದಿದ ರೂಪ. ಅದೇ ಕೌಂಟರ್‌ಸ್ಟ್ರೈಕ್. ಮರುವರ್ಷವೇ ವಾಲ್ವ್ ಅದನ್ನು ಕೊಂಡುಕೊಂಡು ಅಂಗಡಿಗೆ ತಂದಿತು. ನಮ್ಮ ಕಡೆ ಈ ಪ್ರಕಾರ ಕಾಲೂರಿದ್ದು ಇದರಿಂದಲೇ. 2000ದ ದಶಕದಲ್ಲಿ ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ, ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲ್ಲುಗಳಲ್ಲಿ ಸಿಎಸ್ ಅಂದರೆ 1.6 ಆವೃತ್ತಿಯೇ. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಲ್ಯಾನ್‌ನಲ್ಲಿ ಕೂತ ಹುಡುಗರು ಒಬ್ಬರಿಗೊಬ್ಬರು ಕೂಗುತ್ತಿದ್ದದ್ದು, "ಮಗಾ, ಲಾಂಗ್‌ನಲ್ಲಿ ಒಬ್ಬ ಇದಾನೆ ನೋಡ್ಕೊಳೋ", "ಬಿ ರಶ್ ಮಾಡ್ರೋ ಎಲ್ರೂ". ಹಾಲಿವುಡ್ಡಿನ ಸೈನಿಕರ ಮೈಯೊಳಗಿಂದ ಅಪ್ಪಟ ಬೆಂಗಳೂರು ಕನ್ನಡ ಹೊರಡುತ್ತಿತ್ತು.

ಆ ಹುಡುಗರು ಹೆಚ್ಚಾಗಿ ಓಡಾಡಿದ್ದು ಡಸ್ಟ್ 2 ಎಂಬ ನಕ್ಷೆಯಲ್ಲಿ. ಡೇವ್ ಜಾನ್‌ಸ್ಟನ್ ಎಂಬ ಇಂಗ್ಲೆಂಡಿನ ಹುಡುಗ 2001ರಲ್ಲಿ ಅದನ್ನು ಕಟ್ಟಿದ. ಮಣ್ಣು ಬಣ್ಣದ ಗೋಡೆ, ಮರದ ಪೆಟ್ಟಿಗೆ, ಕಮಾನು ಬಾಗಿಲು. ಕಣ್ಣಿಗೆ ವಿಶೇಷವೇನೂ ಇಲ್ಲ. ಬಾಂಬ್ ಇಡಲು ಎರಡು ಜಾಗ, ಎ ಮತ್ತು ಬಿ. ಒಂದಕ್ಕೆ ಲಾಂಗ್ ಎಂಬ ಉದ್ದ ಹಾದಿ, ಇನ್ನೊಂದಕ್ಕೆ ಕತ್ತಲ ಸುರಂಗ, ನಡುವೆ ಮಿಡ್. ಮಿಡ್‌ನಲ್ಲಿ ಜೋಡಿ ಬಾಗಿಲು, ಅವುಗಳ ನಡುವೆ ಸೀಳಿನಷ್ಟು ಸಂದು. ಸುತ್ತು ಶುರುವಾದ ಕೂಡಲೇ ಒಂದು ಕಡೆಯ ಸ್ನೈಪರ್ ತನ್ನ ನೆಲೆಯಿಂದಲೇ ಆ ಸಂದಿಗೆ ಕಣ್ಣು ನೆಟ್ಟು ನಿಲ್ಲುತ್ತಾನೆ. ಎದುರು ಕಡೆಯವರು ಬಿ ಕಡೆಗೆ ಓಡಬೇಕಾದರೆ ಆ ಸಂದಿನ ಎದುರು ಒಂದು ಗಳಿಗೆ ಹಾಯಲೇಬೇಕು. ಹಾಯುವವನಿಗೂ ಅದು ಗೊತ್ತು, ಕಾಯುವವನಿಗೂ ಗೊತ್ತು. ಹಾರಿ ದಾಟಲೇ, ನಿಂತು ದಾಟಲೇ, ಹೊಗೆ ಬಾಂಬ್ ಎಸೆದು ದಾಟಲೇ? ಎರಡು ಮರದ ಹಲಗೆಗಳಿಂದ ಇಷ್ಟು ನಾಟಕ ಹೊರಡಿಸಿದ ವಾಸ್ತುಶಿಲ್ಪವನ್ನು ಮೆಚ್ಚದೆ ಇರಲಾಗದು. ಲಾಂಗ್‌ನ ಬಾಗಿಲ ಬಳಿಗೆ ಎರಡೂ ತಂಡಗಳು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ತಲುಪುವಂತೆ ದೂರಗಳನ್ನು ಹೊಂದಿಸಿರುವುದೂ ಅಷ್ಟೇ ಲೆಕ್ಕಾಚಾರದ ಕೆಲಸ.

ಕೌಂಟರ್‌ಸ್ಟ್ರೈಕ್‌ನಲ್ಲಿ ಸಾವಿಗೆ ತೂಕ ಇದೆ. ಡೂಮ್, ಕ್ವೇಕ್‌ಗಳ ಕಾಳಗದಲ್ಲಿ ಸತ್ತವನು ಕ್ಷಣದಲ್ಲಿ ಎದ್ದು ಬರುತ್ತಾನೆ. ಇಲ್ಲಿ ಕಬಡ್ಡಿಯಲ್ಲಿ ಔಟಾದವನಂತೆ ಅಂಕಣದ ಹೊರಗೆ ಕೂತು ಉಳಿದವರ ಆಟ ನೋಡಬೇಕು. ದುಡ್ಡಿನ ಲೆಕ್ಕ ಬೇರೆ. ಶುರುವಿಗೆ 800 ಡಾಲರ್, ಎಕೆ-47 ಬೇಕೆಂದರೆ 2500, ದೊಡ್ಡ ಸ್ನೈಪರ್ ಬಂದೂಕಿಗೆ 4750. ಸೋತ ತಂಡ ಒಂದು ಸುತ್ತು ಕೈ ಬಿಗಿಹಿಡಿದು ಉಳಿಸಬೇಕೋ, ಇದ್ದದ್ದನ್ನೆಲ್ಲ ಸುರಿದು ನುಗ್ಗಬೇಕೋ ಎಂದು ತಲೆಕೆಡಿಸಿಕೊಳ್ಳುತ್ತದೆ. ಗುರಿ ಹಿಡಿಯುವುದರಲ್ಲಿ ಮಂದ, ಲೆಕ್ಕ ಹಾಕುವುದರಲ್ಲಿ ಚುರುಕು ಇರುವವನಿಗೂ ಈ ಆಟದಲ್ಲಿ ಜಾಗವಿದೆ. ಒಂದು ತಂಡದ ಹೆಸರೇ ಭಯೋತ್ಪಾದಕರು ಎಂಬುದು ಮೊದಲು ಕೇಳಿದವರಿಗೆ ಕಿವಿಗೆ ಚುಚ್ಚುತ್ತದೆ. ಆಡುವವರು ಪಂದ್ಯದ ಅರ್ಧ ಆ ಕಡೆ, ಅರ್ಧ ಈ ಕಡೆ. ಯಾರೂ ಶಾಶ್ವತವಾಗಿ ಒಳ್ಳೆಯವರಲ್ಲ. ಗೋಡೆಗಳ ಮರಳು ಬಣ್ಣ ಯಾವ ದೇಶದ್ದೆಂದು ಜಾನ್‌ಸ್ಟನ್ ಕೇಳಿಕೊಂಡಿರಲಿಕ್ಕಿಲ್ಲ, ಆದರೆ ಅದೇ ಬಣ್ಣ ಸ್ವಲ್ಪ ದಿನದಲ್ಲೇ ಈ ಪ್ರಕಾರದ ಸರ್ಕಾರಿ ಬಣ್ಣವಾಗಿಬಿಟ್ಟಿತು.

2002ರ ಜುಲೈ 4ರಂದು ಅಮೆರಿಕದ ಸೇನೆ ಅಮೆರಿಕಾಸ್ ಆರ್ಮಿ ಎಂಬ ಆಟವನ್ನು ತಾನೇ ಮಾಡಿಸಿ ಪುಕ್ಕಟೆ ಹಂಚಿತು. ಉದ್ದೇಶ ಸೇನೆಗೆ ಹುಡುಗರನ್ನು ಸೆಳೆಯುವುದು, ಅದನ್ನು ಅವರು ಮುಚ್ಚಿಟ್ಟಿರಲೂ ಇಲ್ಲ. ಈ ಆಟದ ಒಂದು ಏರ್ಪಾಡು ನನ್ನನ್ನು ಬಹಳ ಕಾಡಿದೆ. ಎರಡು ತಂಡ ಎದುರಾದಾಗ ಪ್ರತಿಯೊಬ್ಬನಿಗೂ ತಾನೂ ತನ್ನವರೂ ಅಮೆರಿಕದ ಸೈನಿಕರಾಗಿಯೇ ಕಾಣುತ್ತಾರೆ, ಎದುರಿನವರು ಶತ್ರುಗಳಾಗಿ. ಎದುರಿನವನ ಪರದೆಯಲ್ಲಿ ಇದೇ ದೃಶ್ಯ ತಿರುಗುಮುರುಗಾಗಿ. ಅಮೆರಿಕದ ಸೈನಿಕನನ್ನು ಕೊಲ್ಲುವ ಪಾತ್ರ ಯಾರಿಗೂ ಕೊಡಬಾರದು ಎಂಬ ಸಂಕೋಚಕ್ಕೆ ಕಂಡುಕೊಂಡ ಉಪಾಯ ಅದು. ಕೌಂಟರ್‌ಸ್ಟ್ರೈಕ್‌ನಲ್ಲಿ ಇವತ್ತು ಕಳ್ಳ ನಾಳೆ ಪೊಲೀಸ್. ಇಲ್ಲಿ ಎಲ್ಲರೂ ಸದಾ ಪೊಲೀಸ್, ಎದುರಿಗಿರುವವನು ಸದಾ ಕಳ್ಳ. ಯುದ್ಧ ಪ್ರಚಾರವನ್ನು ಪ್ರೋಗ್ರಾಮಿನ ನಾಲ್ಕು ಸಾಲಿನಲ್ಲಿ ಇದಕ್ಕಿಂತ ಚೊಕ್ಕವಾಗಿ ಬರೆಯುವುದು ಕಷ್ಟ. ಇದಕ್ಕೂ ಮೊದಲೇ, 2001ರಲ್ಲಿ, ಸಿರಿಯಾದ ಡಮಾಸ್ಕಸ್‌ನ ಪ್ರಕಾಶನ ಸಂಸ್ಥೆಯೊಂದು ಅಂಡರ್ ಆ್ಯಶ್ ಎಂಬ ಆಟದಲ್ಲಿ ಪ್ಯಾಲೆಸ್ತೀನಿ ಯುವಕನ ಕಣ್ಣಿನಿಂದ ಅದೇ ಮರಳು ಬೀದಿಗಳನ್ನು ತೋರಿಸಿತ್ತು. ಕಣ್ಣು ಯಾರದಾದರೂ ಬಂದೂಕು ಇರುವುದು ಅದೇ ಮೂಲೆಯಲ್ಲಿ, ಅದೇ ಕೋನದಲ್ಲಿ.

ಇನ್ನು ಆ ಮದ್ದಿನ ಡಬ್ಬಿಯ ಸಂಗತಿ. ಬಂಜೀ ಸಂಸ್ಥೆಯ ಹೇಲೋ (2001) ಆಟಗಾರನಿಗೆ ತಾನಾಗಿಯೇ ತುಂಬಿಕೊಳ್ಳುವ ರಕ್ಷಾಕವಚ ಕೊಟ್ಟಿತು, ಎರಡೇ ಬಂದೂಕು ಹೊರಬಹುದೆಂಬ ಮಿತಿ ಹಾಕಿತು. ಹೇಲೋದ ಬಯಲುಗಳು ವಿಶಾಲ, ಶತ್ರುಗಳು ಚುರುಕು, ಕವಚದ ಕೆಳಗೆ ಪ್ರಾಣದ ಪಟ್ಟಿ ಬೇರೆ ಇದ್ದು ಅದಕ್ಕೆ ಡಬ್ಬಿ ಬೇಕೇ ಬೇಕು. ಹಾಗಾಗಿ ಅಲ್ಲಿ ಇದು ಚೆನ್ನಾಗಿಯೇ ಕೂತಿತು. 2005ರ ಕಾಲ್ ಆಫ್ ಡ್ಯೂಟಿ 2 ಡಬ್ಬಿಯನ್ನು ಪೂರ್ತಿ ತೆಗೆದುಹಾಕಿತು. ಗುಂಡು ತಾಗಿ ಪರದೆ ಕೆಂಪಾದರೆ ಗೋಡೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ನಾಲ್ಕು ಉಸಿರು ಎಳೆದರೆ ಸಾಕು, ಮೈ ಹೊಸದು. ನೋಡಲು ಅನುಕೂಲದ ವಿಷಯ. ಆದರೆ ಅಂದಿನಿಂದ ನಕ್ಷೆಯನ್ನು ನೆನಪಿಟ್ಟುಕೊಳ್ಳುವ ಕಾರಣವೇ ಇಲ್ಲವಾಯಿತು. ಯಾವ ಗೋಡೆಯಾದರೂ ಆಸ್ಪತ್ರೆಯೇ ಆದ ಮೇಲೆ ಹಿಂದಕ್ಕೆ ಹೋಗುವುದೇಕೆ, ಬದಿಯ ಕೋಣೆ ಇಣುಕುವುದೇಕೆ? ವಿನ್ಯಾಸಕರಿಗೂ ಬದಿಯ ಕೋಣೆ ಕಟ್ಟುವುದು ದಂಡದ ಖರ್ಚೆನಿಸಿತು. ಹತ್ತು ವರ್ಷ ಈ ಪ್ರಕಾರ ಒಂದೇ ಒಂದು ಉದ್ದನೆಯ ಓಣಿಯಲ್ಲಿ ನಡೆಯಿತು.

ಕಾಲ್ ಆಫ್ ಡ್ಯೂಟಿ 4: ಮಾಡರ್ನ್ ವಾರ್‌ಫೇರ್ (2007) ಆ ಓಣಿಯ ಅತ್ಯುತ್ತಮ ಕೃತಿ, ಹಾಗಾಗಿ ಅದನ್ನೇ ಹಿಡಿದು ಮಾತಾಡಬೇಕು. ಮುಂದೆ ಹೋಗುವ ಅಧಿಕಾರಿಯ ತಲೆಯ ಮೇಲೆ ಹಿಂಬಾಲಿಸು ಎಂಬ ಬರಹ. ಮೂಗುದಾರ ಹಾಕಿಸಿಕೊಂಡಂತೆ ಅವನ ಹಿಂದೆ ಹೋಗಬೇಕು. ಎಷ್ಟೋ ಕಡೆ ಶತ್ರುಗಳು ಮುಗಿಯುವುದೇ ಇಲ್ಲ. ಎಷ್ಟು ಕೊಂದರೂ ಅದೇ ಬಾಗಿಲಿನಿಂದ ಮತ್ತೆ ಬರುತ್ತಾರೆ, ಆಟಗಾರ ಕಾಣದ ಒಂದು ಗೆರೆ ದಾಟಿದ ಮೇಲಷ್ಟೇ ನಿಲ್ಲುತ್ತಾರೆ. ಗುರಿ, ಜಾಣ್ಮೆ, ತಾಳ್ಮೆ ಯಾವುದಕ್ಕೂ ಇಲ್ಲಿ ಬೆಲೆಯಿಲ್ಲ, ಗೆರೆ ದಾಟಿದೆಯೋ ಇಲ್ಲವೋ ಅಷ್ಟೇ. ಇದು ನನಗೆ ಕಸುಬುಗಾರಿಕೆಯ ಮೋಸವೆನಿಸುತ್ತದೆ.

ಆದರೂ ಆ ಆಟದಲ್ಲಿ ಎರಡು ಕಡೆ ಈ ಬಂಧನವೇ ಅರ್ಥ ಪಡೆಯುತ್ತದೆ. ಅಣುಬಾಂಬ್ ಸಿಡಿದ ಮೇಲೆ ನುಚ್ಚುನೂರಾದ ಹೆಲಿಕಾಪ್ಟರಿನಿಂದ ಸೈನಿಕನೊಬ್ಬ ತೆವಳಿ ಹೊರಬರುತ್ತಾನೆ. ಗುಂಡಿಗಳು ಕೆಲಸ ಮಾಡುತ್ತವೆ, ಮೈ ಮಾಡುವುದಿಲ್ಲ. ಹೋಗಲು ಎಲ್ಲೂ ಜಾಗವಿಲ್ಲ. ಅವನು ಸಾಯುತ್ತಾನೆ, ಆಟಗಾರನಿಂದ ಏನೂ ಮಾಡಲಾಗದು. ಇನ್ನೊಂದು, ಎಸಿ-130 ವಿಮಾನದ ಹಂತ. ಆಕಾಶದಿಂದ ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ಕೆಳಗೆ ನೋಡುತ್ತೀರಿ. ಬಿಳಿ ಚುಕ್ಕೆಗಳು ಓಡುತ್ತವೆ, ನೀವು ಅಳಿಸುತ್ತೀರಿ. ಯಾವ ಅಪಾಯವೂ ಇಲ್ಲ. ಸಿಬ್ಬಂದಿ ಬೇಸರದ ದನಿಯಲ್ಲಿ ಭೇಷ್ ಎನ್ನುತ್ತಾರೆ, ಚರ್ಚಿನ ಮೇಲೆ ಮಾತ್ರ ಹೊಡೆಯಬೇಡ ಎಂದು ಎಚ್ಚರಿಸುತ್ತಾರೆ. ಅದೇ 2007ರ ಜುಲೈನಲ್ಲಿ ಬಾಗ್ದಾದಿನಲ್ಲಿ ಅಮೆರಿಕದ ಹೆಲಿಕಾಪ್ಟರುಗಳು ನಡೆಸಿದ ದಾಳಿಯಲ್ಲಿ ರಾಯ್ಟರ್ಸ್‌ನ ಇಬ್ಬರು ನೌಕರರೂ ಸತ್ತಿದ್ದರು. ಅದರ ದೃಶ್ಯವನ್ನು ವಿಕಿಲೀಕ್ಸ್ 2010ರಲ್ಲಿ ಬಯಲು ಮಾಡಿತು. ಅದನ್ನು ನೋಡುವಾಗ ಈ ಆಟ ಆಡಿದ್ದವರಿಗೆ ಆ ದನಿಗಳ ಧಾಟಿ ಹೊಸದಾಗಿರಲಿಲ್ಲ. ಆಟ ಮಾಡಿದವರು ಅದನ್ನು ಟೀಕೆಯಾಗಿ ಬರೆದರೋ ಮಜಾಕ್ಕೆ ಬರೆದರೋ ಹೇಳುವುದು ಕಷ್ಟ. 2009ರ ಎರಡನೇ ಭಾಗದಲ್ಲಿ ವಿಮಾನ ನಿಲ್ದಾಣದಲ್ಲಿ ನಾಗರಿಕರ ನರಮೇಧಕ್ಕೆ ಆಟಗಾರನನ್ನೇ ಜೊತೆ ಮಾಡಿಕೊಂಡದ್ದನ್ನು ನೋಡಿದರೆ ಮಾತ್ರ ಸಂಶಯ ಉಳಿಯುವುದಿಲ್ಲ. ಅದು ಗಲಾಟೆ ಎಬ್ಬಿಸಲೆಂದೇ ಕಟ್ಟಿದ ದೃಶ್ಯ. ಬೇಡವೆನ್ನುವವರು ದಾಟಿ ಹೋಗಲಿ ಎಂದು ಮೊದಲೇ ಕೇಳುವ ಪ್ರಶ್ನೆಯೇ ಅದರ ಜಾಹೀರಾತು.

ಈ ಓಣಿಯಿಂದ ಹೊರಬರಲು ಒದ್ದಾಡಿದವರೂ ಇದ್ದರು. ಬಯೋಶಾಕ್ (2007) ಆಟಗಾರ ಸ್ವತಂತ್ರವೆಂದು ತಿಳಿದು ಮಾಡಿದ್ದೆಲ್ಲ ಇನ್ನೊಬ್ಬನ ಅಪ್ಪಣೆ ಎಂದು ನಡುವೆ ಬಯಲು ಮಾಡುತ್ತದೆ. ಅದ್ಭುತವಾದ ಗಳಿಗೆ ಅದು. ಆದರೆ ಮುಂದಿನ ಗಂಟೆಗಳಲ್ಲಿ ಬೇರೊಬ್ಬರ ಅಪ್ಪಣೆಯನ್ನು ಅಷ್ಟೇ ವಿಧೇಯತೆಯಿಂದ ಪಾಲಿಸಬೇಕು. ತನ್ನ ಪ್ರಶ್ನೆಗೆ ತಾನೇ ಹೆದರಿದ ಕೃತಿ. ಆ ಆಟದ ಕಥೆಗೂ ಆಟದ ನಿಯಮಕ್ಕೂ ಹೊಂದಿಕೆಯಿಲ್ಲವೆಂದು ಟೀಕಿಸಿದ ವಿನ್ಯಾಸಕ ಕ್ಲಿಂಟ್ ಹಾಕಿಂಗ್, ಮರುವರ್ಷ ಫಾರ್ ಕ್ರೈ 2 ಕೊಟ್ಟ. ಆಫ್ರಿಕಾದ ಹೆಸರಿಲ್ಲದ ದೇಶ. ನಾಯಕನಿಗೆ ಮಲೇರಿಯಾ, ಬಂದೂಕು ನಡುವೆ ಕಚ್ಚಿಕೊಳ್ಳುತ್ತದೆ, ಒಣ ಹುಲ್ಲಿಗೆ ಬಿದ್ದ ಬೆಂಕಿ ಗಾಳಿ ಬಂದ ಕಡೆ ಹರಡುತ್ತದೆ. ಕಾಗದದ ನಕ್ಷೆಯನ್ನು ಕೈಯಲ್ಲಿ ಹಿಡಿದೇ ನೋಡಬೇಕು, ಆಟ ನಿಲ್ಲುವುದಿಲ್ಲ, ಜೀಪು ಗುಂಡಿಗೆ ಬೀಳುತ್ತದೆ. ಹಾದಿಯ ಕಾವಲುಗಳನ್ನು ಖಾಲಿ ಮಾಡಿ ತಿರುಗಿ ಬರುವಷ್ಟರಲ್ಲಿ ಮತ್ತೆ ತುಂಬಿರುವುದು ತಲೆಚಿಟ್ಟು ಹಿಡಿಸುತ್ತದೆ. ಅದೊಂದನ್ನು ಸಹಿಸಿಕೊಂಡರೆ ಜಾಗವೇ ಎದುರಾಳಿಯಾದ ಅನುಭವ ಸಿಗುತ್ತದೆ.

ಜಪಾನಿನ ನಿಂಟೆಂಡೊಗಾಗಿ ಟೆಕ್ಸಸ್‌ನ ರೆಟ್ರೊ ಸ್ಟುಡಿಯೋಸ್ ಮಾಡಿದ ಮೆಟ್ರಾಯ್ಡ್ ಪ್ರೈಮ್ (2002) ಇನ್ನೊಂದು ಬಗೆ. ಅಲ್ಲಿ ಹೊಡೆಯುವಷ್ಟೇ ಹೊತ್ತು ಓದುವುದಕ್ಕೂ ಹೋಗುತ್ತದೆ. ಗಿಡ, ಶಾಸನ, ಯಂತ್ರ ಎಲ್ಲವನ್ನೂ ಕಣ್ಣಿನಿಂದ ಪರೀಕ್ಷಿಸಬೇಕು. ಹತ್ತಿರದಲ್ಲಿ ಏನಾದರೂ ಫಳ್ಳನೆ ಸಿಡಿದರೆ ಹೆಲ್ಮೆಟ್ಟಿನ ಗಾಜಿನಲ್ಲಿ ನಾಯಕಿಯ ಮುಖದ ಪ್ರತಿಬಿಂಬ ಮಿಂಚಿ ಮಾಯವಾಗುತ್ತದೆ. ಇಷ್ಟು ಹೊತ್ತೂ ನೋಡುತ್ತಿದ್ದ ಕಣ್ಣು ಒಬ್ಬ ಹೆಣ್ಣಿನದು ಎಂದು ಒಂದು ಕ್ಷಣಕ್ಕೆ ನೆನಪಾಗುತ್ತದೆ. ಪೋರ್ಟಲ್ (2007) ಎಲ್ಲರಿಗಿಂತ ಮುಂದೆ ಹೋಯಿತು. ಅಲ್ಲಿಯೂ ಕೈಯಲ್ಲಿ ಬಂದೂಕಿದೆ, ಅದು ಯಾರನ್ನೂ ಕೊಲ್ಲುವುದಿಲ್ಲ; ಗೋಡೆಯಲ್ಲಿ ಬಾಗಿಲು ತೆರೆಯುತ್ತದೆ. ಒಂದು ತೂತು ಇಲ್ಲಿ, ಇನ್ನೊಂದು ಅಲ್ಲಿ, ಮೇಲಿಂದ ಬಿದ್ದ ವೇಗ ಆ ಕಡೆಯಿಂದ ಚಿಮ್ಮುತ್ತದೆ. ವಿದ್ಯಾರ್ಥಿಗಳ ಪ್ರಯೋಗವೊಂದರಿಂದ ಬೆಳೆದ ಮೂರು ನಾಲ್ಕು ಗಂಟೆಯ ಈ ಪುಟ್ಟ ಆಟವನ್ನು ಈ ಪ್ರಕಾರದ ಶಿಖರ ಎಂದು ಕರೆಯಲು ನನಗೆ ಹಿಂಜರಿಕೆಯಿಲ್ಲ, ಅದನ್ನು ಶೂಟರ್ ಅನ್ನುವುದೇ ತಪ್ಪು ಎಂದು ಜಗಳಕ್ಕೆ ಬರುವವರಿದ್ದರೂ. 2016ರ ಹೊಸ ಡೂಮ್ ಬೇರೆ ಮದ್ದು ಹುಡುಕಿತು: ಗೋಡೆಯ ಹಿಂದೆ ಕೂತರೆ ಗಾಯ ಮಾಯುವುದಿಲ್ಲ, ಮುನ್ನುಗ್ಗಿ ರಾಕ್ಷಸನನ್ನು ಕೈಯಾರೆ ಸಿಗಿದರೆ ಅವನ ಮೈಯಿಂದಲೇ ಪ್ರಾಣ ಉದುರುತ್ತದೆ. ಅಸಹ್ಯವೆನ್ನಿ, ಆಟಗಾರನನ್ನು ಮೂಲೆಯಿಂದ ಎಬ್ಬಿಸಿ ಮತ್ತೆ ನಡುಮನೆಗೆ ತಂದದ್ದು ಅದೇ.

ನಮ್ಮಲ್ಲಿ ಈ ಹೊತ್ತಿಗೆ ಕೆಫೆ ಮುಚ್ಚಿ ಫೋನ್ ಬಂದಿತ್ತು. ಫೋನಿನಲ್ಲಿ ಹಬ್ಬಿದ ಪಬ್‌ಜಿ ಹೆಚ್ಚಾಗಿ ಹೆಗಲ ಹಿಂದಿನ ನೋಟದ ಆಟ, ಕಣ್ಣಿನ ನೋಟದಲ್ಲಿ ಆಡುವ ಅವಕಾಶವೂ ಇದೆ. ಅದನ್ನು ರೂಪಿಸಿದ ಬ್ರೆಂಡನ್ ಗ್ರೀನ್ ಕೂಡ ಮಾಡ್ ಮಾಡುತ್ತಲೇ ಮೇಲೆ ಬಂದವನು. ಎಂಟು ಕಿಲೋಮೀಟರ್ ಉದ್ದಗಲದ ದ್ವೀಪಕ್ಕೆ ನೂರು ಜನರನ್ನು ಇಳಿಸಿ, ಸುತ್ತಲಿನ ವೃತ್ತವನ್ನು ಕುಗ್ಗಿಸುತ್ತಾ ಹೋಗುವ ಯೋಚನೆ ನಿಜಕ್ಕೂ ಜಾಣತನದ್ದು. ಇಪ್ಪತ್ತು ನಿಮಿಷ ಹುಲ್ಲಿನಲ್ಲಿ ಮಲಗಿ ಏನೂ ನಡೆಯದಿದ್ದರೂ ಎದೆ ಹೊಡೆದುಕೊಳ್ಳುತ್ತದೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಅದರ ಮೊಬೈಲ್ ಆವೃತ್ತಿಯೂ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. 2021ರಲ್ಲಿ ಅದು ಬಿಜಿಎಂಐ ಎಂಬ ಹೆಸರಲ್ಲಿ ಮರಳಿ, 2022ರಲ್ಲಿ ಮತ್ತೆ ಕಾಣೆಯಾಗಿ, 2023ರಲ್ಲಿ ಮತ್ತೆ ಬಂತು. ಆ ನಡುವೆ 2021ರ ಗಣರಾಜ್ಯೋತ್ಸವದ ದಿನ ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಸಂಸ್ಥೆ ಫೌಜಿ ಎಂಬ ಆಟ ತಂದಿತು. ಭಾರತ, ಚೀನಾ ಸೈನಿಕರು ಸೆಣಸಿದ ಗಲ್ವಾನ್ ಕಣಿವೆಯ ಕಥೆ. ಅಲ್ಲಿ ಗುಂಡು ಹಾರಿರಲಿಲ್ಲವಾದ್ದರಿಂದ ಆಟದಲ್ಲೂ ಕೈಕೈ, ದೊಣ್ಣೆ. ಪಬ್‌ಜಿಗೆ ಬದಲಿ ಎಂದು ಜನ ಕಾದಿದ್ದ ಆಟದಲ್ಲಿ ಬಂದೂಕೇ ಇಲ್ಲದಿರುವುದು ನನಗೆ ದೋಷವಾಗಿ ಕಂಡಿಲ್ಲ. ದೋಷ ಬೇರೆ ಕಡೆ ಇತ್ತು. ಅಲೆ ಅಲೆಯಾಗಿ ಒಂದೇ ಬಗೆಯ ಶತ್ರು, ಒಂದೇ ಬಗೆಯ ಹೊಡೆತ. ಹಿಮಾಲಯದ ಕಣಿವೆ ಹಿನ್ನೆಲೆಯ ಪರದೆಯಾಗಿ ನಿಂತಿತ್ತು, ನಡೆಯುವ ನೆಲವಾಗಲಿಲ್ಲ. ದೇಶಪ್ರೇಮದಿಂದ ಡೌನ್‌ಲೋಡ್ ಮಾಡಿದವರು ಬೇಸರದಿಂದ ಅಳಿಸಿದರು.

ಈಗಿನ ವ್ಯಾಲೊರಂಟ್‌ನಂಥ ಆಟಗಳಲ್ಲಿ ಕೋಣೆ ಕಟ್ಟುವ ವಿದ್ಯೆ ಮತ್ತೆ ಮೇಲೆದ್ದಿದೆ ಎನ್ನಬೇಕು. ಡಸ್ಟ್ 2ರ ಪಾಠವನ್ನು ರಯಟ್ ಕಂಪನಿಯವರು ಚೆನ್ನಾಗಿ ಓದಿಕೊಂಡಿದ್ದಾರೆ. ಆದರೆ ಕೀಲಿ ಕಂಪನಿಯ ಹತ್ತಿರ. ಆಡುವವರು ತಮ್ಮದೇ ಕೋಣೆ ಕಟ್ಟಿ ಹಂಚುವಂತಿಲ್ಲ, ಸರ್ವರ್ ನಡೆಸುವಂತಿಲ್ಲ; ಮೋಸ ತಡೆಯುವ ತಂತ್ರಾಂಶ ಕಂಪ್ಯೂಟರ್ ಚಾಲೂ ಆಗುವಾಗಲೇ ಅದರ ಹೊಟ್ಟೆಯೊಳಗೆ ಹೋಗಿ ಕೂರುತ್ತದೆ. ಮಿನ್ ಲೀ, ಡೇವ್ ಜಾನ್‌ಸ್ಟನ್, ಬ್ರೆಂಡನ್ ಗ್ರೀನ್ ಇಂಥವರು ಒಳಗೆ ಬಂದದ್ದು ಯಾರೋ ಬಾಗಿಲು ತೆರೆದಿಟ್ಟಿದ್ದರಿಂದ. ಮುಂದಿನ ಜಾನ್‌ಸ್ಟನ್ ಬಳ್ಳಾರಿಯಲ್ಲೋ ಬೀದರಿನಲ್ಲೋ ಇದ್ದರೆ ಅವನ ಕೈಯಲ್ಲಿರುವ ಫೋನಿನ ಆಟ ಅವನಿಗೆ ಬಂದೂಕಿನ ಹೊಸ ಬಣ್ಣ ಮಾರುತ್ತದೆ, ಗೋಡೆ ಕಟ್ಟಲು ಇಟ್ಟಿಗೆ ಕೊಡುವುದಿಲ್ಲ. ಇನ್ನು ವಿಮರ್ಶಕನ ಕಷ್ಟ ಬೇರೆ. 2016ರಲ್ಲಿ ಬಂದ ಓವರ್‌ವಾಚ್ ಅನ್ನು ದುಡ್ಡು ಕೊಟ್ಟು ಕೊಂಡವರು ಕೋಟಿಗಟ್ಟಲೆ. 2022ರ ಅಕ್ಟೋಬರ್‌ನಲ್ಲಿ ಎರಡನೇ ಭಾಗ ತರುವಾಗ ಕಂಪನಿ ಅದರ ಸರ್ವರ್‌ಗಳನ್ನು ಆರಿಸಿತು. ಇವತ್ತು ಆ ಆಟ ಚೆನ್ನಾಗಿತ್ತೇ ಎಂದು ಯಾರಾದರೂ ಕೇಳಿದರೆ ಆಡಿ ನೋಡಿ ಎಂದು ಹೇಳಲು ಬರುವುದಿಲ್ಲ. 1.6ರ ಡಸ್ಟ್ 2 ಬೇಕೆಂದರೆ ಇವತ್ತು ರಾತ್ರಿಯೂ ಯಾರೋ ನಡೆಸುತ್ತಿರುವ ಸರ್ವರ್‌ನಲ್ಲಿ ಜಾಗ ಸಿಗುತ್ತದೆ.